ಪಾರಣೆಯ ನೀರು

ಭುಜಬಲಿ ದೊಡ್ಡಪ್ಪ ಬಸದಿಯಲ್ಲಿ ಹತ್ತು ದಿನದ ಪರ್ವ ಮುಗಿಸಿ, ಕ್ಷಮಾವಣಿಯ ದಿನ ಎಲ್ಲರ ಕ್ಷಮೆ ಕೇಳಿದ ಮೇಲೆಯೇ ಉಪವಾಸ ಬಿಡುವವರು. ಈ ವರ್ಷ ಕ್ಷಮೆ ಕೇಳುವುದಕ್ಕೆ ಉಳಿದವಳು ನಾನೊಬ್ಬಳೇ. ಅಪ್ಪ ತೀರಿಕೊಂಡ ಮೇಲೆ ಅವರ ಮನೆಯಲ್ಲೇ ಬೆಳೆದವಳು. ಬಿಟ್ಟು ಬಂದು ಇಪ್ಪತ್ತೆರಡು ವರ್ಷ, ಆ ಮೆಟ್ಟಿಲು ಹತ್ತಿರಲಿಲ್ಲ. ಅವರ ಮಗಳು ಪದ್ಮಶ್ರೀ ಫೋನ್ ಮಾಡಿ, "ನಿನ್ನೆಯಿಂದ ಅಪ್ಪ ನೀರೂ ಮುಟ್ಟಿಲ್ಲ ಕಣೇ. ನೀನು ಕ್ಷಮಿಸಿದೆ ಅನ್ನೋವರೆಗೂ ಮುಟ್ಟೋದಿಲ್ವಂತೆ. ಈಗ್ಲೇ ಬಾ" ಅಂದಳು. ಸಾಗರದ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುತ್ತಿದ್ದವಳು ಹಾಳೆ ಮಡಚಿಟ್ಟು ಹೊಸನಗರದ ಬಸ್ಸು ಹತ್ತಿದೆ.

ಬಸ್ ಸ್ಟ್ಯಾಂಡಿನ ಹಿಂದಿನ ಮನೆ. ಕಾಯಿಸಿ ಸೋಸಿದ ನೀರಿನ ಲೋಟ ಹಿಡಿದು ಪದ್ಮಶ್ರೀ ನಿಂತಿದ್ದಳು. ಐದು ಗಂಟೆ ದಾಟಿತ್ತು. ಹೊತ್ತು ಮುಳುಗಿದರೆ ವ್ರತದವರ ಬಾಯಿಗೆ ಹನಿ ನೀರೂ ಇಲ್ಲ, ಮತ್ತೆ ಬೆಳಿಗ್ಗೆಯೇ.

ದೊಡ್ಡಪ್ಪ ಕೈ ಮುಗಿದರು. "ಮರುದೇವಿ, ಗೊತ್ತಿದ್ದೋ ಗೊತ್ತಿಲ್ದೆಯೋ ಏನಾದ್ರೂ ನೋಯಿಸಿದ್ರೆ ಕ್ಷಮಿಸಮ್ಮ."

"ಯಾವುದನ್ನ, ದೊಡ್ಡಪ್ಪ?"

"ಎಲ್ಲಾನೂ."

"ಎಲ್ಲಾನೂ ಅಂತ ಒಂದಿಲ್ವಲ್ಲ. ಒಂದೊಂದೇ ಕೇಳಿ."

"ನಂಗೆ ನೆನಪಿಲ್ಲ ಕಣಮ್ಮ."

"ನಂಗಿದೆ. ಹೇಳಿಕೊಡ್ತೀನಿ. ನನ್ನ ಹಿಂದೆ ಹೇಳಿ."

ಹಾಗೆಯೇ ಅಲ್ಲವೇ ಅವರು ನನಗೆ ಸ್ತೋತ್ರ ಕಲಿಸಿದ್ದು? ಒಮ್ಮೆ ಕೇಳಿದ ಸಾಲು ನನಗೆ ಮರೆಯುತ್ತಿರಲಿಲ್ಲ. ಆದರೆ ಹೇಳುವಾಗ ಮೈ ತೂಗುತ್ತಿತ್ತು, ಬೆರಳು ಅಲುಗುತ್ತಿತ್ತು. ಅದಕ್ಕೆ ಅವರಿಟ್ಟ ಹೆಸರು ಹುಚ್ಚು. ಮೂವತ್ತೊಂಬತ್ತಕ್ಕೆ ಶಿವಮೊಗ್ಗದ ಡಾಕ್ಟರು ಆಟಿಸಂ ಎಂದರು. "ಮನೆತನದಲ್ಲಿ ಇನ್ಯಾರಿಗಾದ್ರೂ ಇದೆಯಾ?" ಎಂದೂ ಕೇಳಿದರು. ಗೊತ್ತಿಲ್ಲ ಎಂದಿದ್ದೆ.

"ನೋಂಪಿ ವ್ರತದ ದಿನ ನಿನ್ನ ಕೈಗಳನ್ನ ನನ್ನ ಶಲ್ಯದಲ್ಲಿ ಕಟ್ಟಿದೆ," ಎಂದೆ. "ಆಗ ನಿನಗೆ ಏಳು ವರ್ಷ. ಕ್ಷಮಿಸು."

ಅವರು ಹೇಳಿದರು.

"ನೆಂಟರು ಬಂದಾಗ ನಿನ್ನನ್ನ ಕಟ್ಟಿಗೆ ಕೋಣೆಗೆ ಹಾಕಿ ಚಿಲಕ ಹಾಕಿದೆ. ನೀನು ನೀರು ಕೇಳಿದೆ. ಕೊಡಬೇಡಿ ಅಂದೆ. ಕ್ಷಮಿಸು."

ಒಣಗಿದ ದನಿ ಸೀಳಿತು. ಆದರೂ ಹೇಳಿದರು.

"ಸಾಕು ಬಿಡೇ ಮಾರಾಯ್ತಿ!" ಪದ್ಮಶ್ರೀ ಗದರಿದಳು. "ಎಂಬತ್ತಾರು ವರ್ಷದವ್ರು. ಕ್ಷಮಿಸಿದೆ ಅಂದ್ಬಿಟ್ರೆ ನಿನ್ನ ಗಂಟೇನ್ ಹೋಗುತ್ತೆ?"

"ಪರ್ವದ ದಿನ ನನ್ನ ಕೈಲಿ ಸುಳ್ಳು ಹೇಳಿಸ್ಬೇಡ."

ಮುಂದಿನ ಸಾಲಿಗೆ ದೊಡ್ಡಪ್ಪ ಮೆಲ್ಲಗೆ ತೂಗತೊಡಗಿದ್ದರು. ಹಿಂದಕ್ಕೆ, ಮುಂದಕ್ಕೆ. ಮಡಿಲಲ್ಲಿ ಬೆರಳುಗಳು ಅಲುಗುತ್ತಿದ್ದವು, ಥೇಟ್ ನನ್ನವೇ. ಅಷ್ಟು ವರ್ಷ ನಾಲ್ಕು ಜನರ ಮುಂದೆ ಅವರು ಕೈಗಳನ್ನು ಶಲ್ಯದೊಳಗೇ ಇಟ್ಟುಕೊಳ್ಳುತ್ತಿದ್ದುದು ಏಕೆಂದು ಆಗ ತಿಳಿಯಿತು. ತಮ್ಮ ಕೈ ಬಚ್ಚಿಟ್ಟವರು ನನ್ನ ಕೈ ಕಟ್ಟಿದ್ದರು.

ಕರುಣೆ ಬರಬೇಕಿತ್ತೇನೋ. ಬರಲಿಲ್ಲ.

"ಕೈ ಸುಮ್ನಿರ್ಲಿ," ಎಂದೆ, ಅವರದೇ ಹಳೆಯ ದನಿಯಲ್ಲಿ.

ದೊಡ್ಡಪ್ಪ ಬೆಚ್ಚಿ ನನ್ನನ್ನು ನೋಡಿದರು. ಬೆರಳು ನಿಂತವು.

ಹೇಳಿಸುತ್ತಲೇ ಇದ್ದೆ. ಕಿಟಕಿಯ ಬಿಸಿಲು ಗೋಡೆ ಹತ್ತಿ, ಸೂರಿಗೆ ತಾಗಿ, ಹೋಯಿತು. ಪದ್ಮಶ್ರೀ ಲೋಟದ ಮೇಲೆ ತಟ್ಟೆ ಮುಚ್ಚಿದಳು.

ಚೀಲ ಹೆಗಲಿಗೇರಿಸಿದೆ. "ಇನ್ನೂ ನನ್ನ ಏಳನೇ ವರ್ಷವೇ ಮುಗಿದಿಲ್ಲ, ದೊಡ್ಡಪ್ಪ. ಬೆಳಿಗ್ಗೆ ಮೊದಲ ಬಸ್ಸಿಗೆ ಬರ್ತೀನಿ."