ಕಡಾಯಿಯ ನಾಲ್ಕನೆಯ ತುಂಡು

ಕಡಲನೀರು ಕಾಯಿಸಿ ಉಪ್ಪು ತೆಗೆಯುವ ನಮ್ಮ ಕಬ್ಬಿಣದ ಕಡಾಯಿ ಯಾರೊಬ್ಬರದೂ ಅಲ್ಲ. ಕದ್ದು ಉಪ್ಪು ಮಾಡಬಾರದೆಂದು ಸರ್ಕಾರದ ಉಪ್ಪಿನ ಕಚೇರಿಯವರು ಅದನ್ನು ನಾಲ್ಕು ತುಂಡಾಗಿಯೇ ಎರಕ ಹೊಯ್ಯಿಸಿ ನಾಲ್ಕು ಮನೆಗೆ ಹಂಚಿದ್ದರು. ನಾಲ್ಕನ್ನೂ ಕೂಡಿಸಿ, ಸಂದಿಗೆ ಸುಣ್ಣ ಮೆತ್ತಿದರೇನೇ ಒಲೆ ಹೊತ್ತಿಸುವುದು. ಒಬ್ಬರ ತುಂಡನ್ನು ಇನ್ನೊಬ್ಬರು ಕೇಳದೆ ಮುಟ್ಟಿದರೆ ಬೆತ್ತದೇಟು.

ಆ ವಸಂತದಲ್ಲಿ ಮಳೆಯಾಗಲಿಲ್ಲ. ಮರಳುದಿಬ್ಬದ ಹಿಂದಿನ ಸಿಹಿನೀರಿನ ಗುಂಡಿಯಲ್ಲಿ ತಳ ಕಂಡಿತು. ದುಡಿಯುವವರಿಗೆ ಮಾತ್ರ ದಿನಕ್ಕೆ ತಲೆಗೊಂದು ಕೊಡ ಎಂದು ಮುಖಂಡ ಬಾವ್ ಷೌ ಸಭೆ ಕರೆದು ತೀರ್ಮಾನಿಸಿದ. ನಾಲ್ಕನೆಯ ತುಂಡು ಇದ್ದದ್ದು ವೂನಿಯಾಂಗಳ ಮನೆಯಲ್ಲಿ; ಅವಳ ಗಂಡ ಕಡಲಗೋಡೆ ಕಟ್ಟುವಾಗ ಸತ್ತಿದ್ದ. ಮನೆಯಲ್ಲಿ ಅವಳು, ಹಾಸಿಗೆ ಹಿಡಿದ ಅತ್ತೆ, ಇಬ್ಬರೇ. ಅತ್ತೆಯ ಕೊಡ ನಿಂತುಹೋಯಿತು. ಆ ಸಭೆಯಲ್ಲಿ ನಾನೂ ಕೂತಿದ್ದೆ. ಏನೂ ಹೇಳಲಿಲ್ಲ.

ಕಾಯಿಸುವ ದಿನ ಬಂತು. ಉಪ್ಪುನೀರಿಗೆ ಹಾಕಿದ ಹತ್ತು ತಾವರೆಬೀಜಗಳೂ ತೇಲಿದವು, ನೀರು ಕಾಯಿಸಲು ಹದವಾಗುವಷ್ಟು ಗಟ್ಟಿಯಾಗಿತ್ತು. ಎರಡು ದಿನದಲ್ಲಿ ಕಚೇರಿಯ ದೋಣಿ ಬರುವುದಿತ್ತು. ಉಪ್ಪು ಕೊಟ್ಟರಷ್ಟೇ ಅಕ್ಕಿ. ಮೂರು ತುಂಡುಗಳು ಒಲೆಯ ಮೇಲೆ ಕೂತವು. ನಾಲ್ಕನೆಯದರ ಜಾಗ ಬಾಯಿ ತೆರೆದುಕೊಂಡೇ ಇತ್ತು.

ಬಾವ್ ಷೌ ಜೊತೆ ಉಳಿದ ಮೂರು ಮನೆಗಳ ನಾವು ಮೂವರು ಹೋದಾಗ ವೂನಿಯಾಂಗ್ ಅಂಗಳದಲ್ಲಿ ತನ್ನ ತುಂಡಿನ ಮೇಲೆ ಕೂತಿದ್ದಳು. ಬಾವ್ ಷೌ ಮೊದಲು ಗದರಿಸಿದ, ಆಮೇಲೆ ನಕ್ಕ.

"ಅದನ್ನಿಟ್ಕೊಂಡು ಏನ್ ಮಾಡ್ತೀಯಮ್ಮ? ರೊಟ್ಟಿ ಸುಡ್ತೀಯಾ?"

"ಸುಡ್ಬೋದಿತ್ತು ಮುಖಂಡ್ರೇ. ಹಿಟ್ಟು ಕಲಸೋಕೆ ನೀರೆಲ್ಲಿ?"

ದೋಣಿ ಖಾಲಿ ಹೋದರೆ ಅವಳಿಗೂ ಅಕ್ಕಿ ಇಲ್ಲವೆಂದು ಅವನು ನೆನಪಿಸಿದ. ಗೊತ್ತು ಎಂದಳು. ಇವತ್ತಿಗೆ ಒಂದು ಕೊಡ ಹೆಚ್ಚಿಗೆ ಕಳಿಸುತ್ತೇನೆ ಎಂದ. ಅವಳು ಅಲುಗಲಿಲ್ಲ.

"ಇವತ್ತಿಂದು ಇವತ್ತಿಗೆ ಆಯ್ತು. ನಾಳೆ ಅತ್ತೆ ಬಾಯಿಗೆ ಏನ್ ಬಿಡ್ಲಿ, ಸಮುದ್ರಾನಾ? ದಿನಾ ಎರಡು ಕೊಡ. ನಾನೇ ಹೋಗಿ ಮೊಗೀತೀನಿ."

ನನ್ನ ಜೊತೆಗಿದ್ದ ಇಬ್ಬರೂ ನೆಲ ನೋಡಿದರು. ಒಳಗಿನಿಂದ ಮುದುಕಿಯ ಒಣ ಕೆಮ್ಮು ಕೇಳಿಸಿತು. ಇಂಥ ಮೌನದಲ್ಲಿ ಅಡಗಿ ಕೂರುವುದು ನನಗೆ ಹಳೆಯ ಅಭ್ಯಾಸ. ಅಂದು ಅದು ನನ್ನನ್ನು ಮುಚ್ಚಿಡಲಿಲ್ಲ; ಬಾಯಿಬಿಟ್ಟೆ.

"ಅವತ್ತು ನಾನು ಸುಮ್ನಿದ್ದೆ. ಎರಡು ಕೊಡ ಅವಳ ಹಕ್ಕು. ಕಡಿಮೆಯಾದ್ರೆ ಎಲ್ಲರದ್ರಲ್ಲೂ ಕಡಿಮೆಯಾಗ್ಲಿ."

ಬಾವ್ ಷೌ ನನ್ನನ್ನು ದಿಟ್ಟಿಸಿದ. ನಿನ್ನದರಿಂದಲೇ ಶುರುಮಾಡೋಣ ಎಂದ. ಆಗಲಿ ಎಂದೆ. ಉಳಿದಿಬ್ಬರು ನೆಲ ನೋಡುತ್ತಲೇ ತಲೆಯಾಡಿಸಿದರು. ಅವನು ಒಲೆಯ ಕಡೆ ಒಮ್ಮೆ ನೋಡಿ, "ಎರಡು," ಎಂದ.

"ದಿನಾ," ಎಂದಳು.

"ದಿನಾ."

ವೂನಿಯಾಂಗ್ ಎದ್ದಳು. ತುಂಡನ್ನು ಎತ್ತಲು ನಾವು ನಾಲ್ವರೂ ಬಗ್ಗಿದೆವು. ಅವಳು ಎರಡು ಖಾಲಿ ಕೊಡಗಳನ್ನು ಹೆಗಲ ಅಡ್ಡೆಗೋಲಿಗೆ ಸಿಕ್ಕಿಸಿ, ಆಗಲೇ ದಿಬ್ಬ ಹತ್ತುತ್ತಿದ್ದಳು.