ಹೆರೆದ ಬೇರು

"ಬೀಜಕ್ಕೆ ಬಿಟ್ಟಿರೋ ಮಡಿಗೆ ಗುದ್ದಲಿ ಹಾಕಿಸಲ್ಲ ಮಾವ, ನನ್ನಾಣೆ" ಎಂದು ಐದು ವರ್ಷದ ಹಿಂದೆ ಸೋದರಮಾವನಿಗೆ ಮಾತು ಕೊಟ್ಟಿದ್ದೆ. ಮಾವ ಬೆಳೆಯುವ ಆ ಔಷಧಿ ಗಿಡದ ಬೇರು ಬಲಿಯಲು ಮೂರು ವರ್ಷ ಬೇಕು. ಬೇರು ಕಿತ್ತರೆ ಗಿಡ ಸತ್ತಂತೆ. ಉಳಿದ ಮಡಿಗಳೆಲ್ಲ ನನ್ನ ಪ್ರಯೋಗಾಲಯಕ್ಕೆ, ಅದೊಂದು ಮಾತ್ರ ಬೀಜಕ್ಕೆ.

ಬೇರಿನಿಂದ ಸತ್ವ ತೆಗೆಯುವುದು ನನ್ನ ಕೆಲಸ. ನೂರು ಗ್ರಾಂ ಪುಡಿಯಲ್ಲಿ ನಾಲ್ಕು ಗ್ರಾಂ ಸಿಗಬೇಕಿತ್ತು. ಒಂದರಿಂದ ಮೇಲೇಳಲೇ ಇಲ್ಲ. ಸ್ಪಿರಿಟ್ ಹೆಚ್ಚಿಸಿದೆ, ನೀರು ಹೆಚ್ಚಿಸಿದೆ. ಐವತ್ತು ಡಿಗ್ರಿಯಲ್ಲಿ ಆರು ಗಂಟೆ, ಎಪ್ಪತ್ತರಲ್ಲಿ ಎರಡು ಗಂಟೆ. ಪುಡಿಯನ್ನು ಇನ್ನಷ್ಟು ನುಣ್ಣಗೆ ಮಾಡಿದರೆ ಫಿಲ್ಟರ್ ಕಟ್ಟಿಕೊಂಡು ಅರ್ಧ ದಿನ ಹಾಳು. ಮಗಳ ಶಾಲೆಯಿಂದ ಫೋನ್ ಬಂದಾಗಲೂ ಕಣ್ಣು ಥರ್ಮಾಮೀಟರಿನ ಮೇಲೆಯೇ.

"ಏನ್ ಮೇಡಂ, ಕಲ್ಲು ಹಿಂಡಿ ನೀರು ತೆಗೀತಿದ್ದೀರಾ?" ಮ್ಯಾನೇಜರು ಅಣಕಿಸಿದರು. "ತಿಂಗಳ ಕೊನೆಗೆ ನಾಲ್ಕು ಬರದಿದ್ರೆ ಇದಕ್ಕೆ ಮಂಗಳ ಹಾಡೋಣ."

ಮೊನ್ನೆ ಕೊನೆಯ ಮೂಟೆಯೂ ಮುಗಿಯಿತು. ಖಾಲಿ ಚೀಲ ಕೊಡವಿದಾಗ ಒಂದು ಹಿಡಿ ಬೇರು ಬಿತ್ತು. ಕಪ್ಪಗೆ, ಒರಟಾಗಿತ್ತು. ನನ್ನ ಯಂತ್ರಕ್ಕೆ ಬರುತ್ತಿದ್ದ ತುಂಡುಗಳೆಲ್ಲ ಬೆಳ್ಳಗಿರುತ್ತಿದ್ದವು.

"ಇದ್ಯಾಕಕ್ಕ ಹೀಗಿದೆ?" ಬೇರು ತೊಳೆಯುವ ಅಕ್ಕನನ್ನು ಕೇಳಿದೆ.

"ಅಯ್ಯೋ, ಕಣ್ತಪ್ಪಿ ಉಳಿದಿದೆ. ಕೊಡಿ, ಹೆರೆದು ಕೊಡ್ತೀನಿ."

"ಹೆರೀತಿದ್ರಾ? ಎಲ್ಲಾನೂ?"

"ಒಂದೂ ಬಿಟ್ಟಿಲ್ಲ! ಚೂರು ಮಣ್ಣು ಕಂಡ್ರೂ ಸುಮ್ನಿರಲ್ಲ ಅಂತ ಮೊದಲ್ನೇ ದಿನಾನೇ ನೀವು ಗದರಿರ್ಲಿಲ್ವಾ? ಬೆರಳು ನೋಡಿ ನಂದು."

"ಸಿಪ್ಪೆ ಎಲ್ಲಿ?"

"ಗೊಬ್ಬರದ ಗುಂಡೀಲಿ. ಅದೇನು ಕಹಿಯೋ, ನಾಯೀನೂ ಮೂಸಲ್ಲ."

ಆ ಹಿಡಿ ಬೇರನ್ನು ಸಿಪ್ಪೆಸಮೇತ ಪುಡಿ ಮಾಡಿ ಕುದಿಸಿ ನೋಡಿದೆ. ನಾಲ್ಕೂ ಕಾಲು. ಸತ್ವವೆಲ್ಲ ಸಿಪ್ಪೆಯಲ್ಲಿತ್ತು. ಎರಡು ವರ್ಷ ನಾನು ಬರೀ ಬೆಂಡು ಬೇಯಿಸಿದ್ದೆ. ಯಾರಿಗಾದರೂ ಬೈಯೋಣವೆಂದರೆ, ಹೇಳಿದವಳು ನಾನೇ.

"ಒಂದು ಹಿಡೀನ ಯಾರು ನಂಬ್ತಾರೆ? ಐದು ಕಿಲೋದಲ್ಲಿ ತೋರ್ಸಿ," ಎಂದರು ಮ್ಯಾನೇಜರು.

ಮಾವನಿಗೆ ಫೋನ್ ಮಾಡಿ ಐದು ಕಿಲೋ ಬೇರು ಕೇಳಿದೆ.

"ಉಳಿದಿರೋದು ಯಾವ ಮಡಿ ಅಂತ ಗೊತ್ತಲ್ವೇನೇ?"

"ಗೊತ್ತು ಮಾವ."

"ತೊಳೆದು ಕಳಿಸ್ಲಾ?" ಎಂದರು.

"ಬರೀ ತೊಳೀರಿ. ಹೆರೀಬೇಡಿ."

ಇವತ್ತು ಬೆಳಿಗ್ಗೆ ಬೀಜದ ಮಡಿಯನ್ನು ಅಗೆದರು. ನಾನು ಮಾತಿಗೆ ತಪ್ಪಿದೆ.