ಉಪ್ಪು ನೋಡಿದ ನಾಲಿಗೆ

ದಕ್ಷಿಣ ಬ್ರೆಜಿಲ್ಲಿನ ಆ ಗುಡ್ಡದ ಊರಿನಲ್ಲಿ, ಹಂದಿ ಕಡಿಯುವ ದಿನ ಜೆಲಿಂಡಳ ನಾಲಿಗೆಗಿದ್ದ ಮರ್ಯಾದೆ ಪಾದ್ರಿಗೂ ಇರಲಿಲ್ಲ. ಜುಲೈ ಚಳಿಯಲ್ಲಿ ನಾಲ್ಕು ಮನೆಯವರು ಸೇರಿ ಮಾಂಸವನ್ನು ಸಣ್ಣಗೆ ಅರೆದು, ಉಪ್ಪು, ಮೆಣಸು, ಬೆಳ್ಳುಳ್ಳಿ ನೆನೆಸಿದ ದ್ರಾಕ್ಷಾರಸ ಸುರಿದು ಕಲಸುತ್ತಿದ್ದರು. ಅದನ್ನು ಕರುಳಿಗೆ ತುಂಬಿ ನೆಲಮಾಳಿಗೆಯಲ್ಲಿ ನೇತುಹಾಕಿ ಒಣಗಿಸಿದರೆ ಸಲಾಮೆ. ತುಂಬುವ ಮೊದಲು ಜೆಲಿಂಡ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುವಳು. ಅವಳು ಹೂಂ ಅನ್ನುವತನಕ ಯಾರೂ ಕರುಳು ಮುಟ್ಟುವಂತಿರಲಿಲ್ಲ.

ಹೋದ ವರ್ಷ ಆ ಪಟ್ಟವನ್ನು ಅವಳು ಸೊಸೆ ಮರಿನೇಸಳಿಗೆ ಬಿಟ್ಟುಕೊಟ್ಟಳು. ಮರಿನೇಸ್ ಪಟ್ಟಣದ ಹುಡುಗಿ, ಆಗ ನಾಲ್ಕು ತಿಂಗಳ ಬಸುರಿ.

"ಬಾಯಿ ತೆಗಿಯೇ. ಬಸುರಿ ನಾಲಿಗೆ ಸುಳ್ಳು ಹೇಳಲ್ಲ."

"ಅತ್ತೆ, ಹಸಿ ಮಾಂಸ ತಿನ್ನಬೇಡ ಅಂದಿದ್ದಾರೆ ನರ್ಸಮ್ಮ."

"ಇದು ಹಸೀನಾ? ಉಪ್ಪು ಬಿದ್ದಿದೆ, ವೈನ್ ಬಿದ್ದಿದೆ. ನಾವೇನು ಹುಲಿಗಳೇನೇ, ಹಸಿ ತಿನ್ನೋಕೆ?"

ಎಲ್ಲರೂ ನಕ್ಕರು, ಮರಿನೇಸಳೂ ನಕ್ಕಳು. ಉಪ್ಪು ಸೋಕಿದ ಮಾಂಸವನ್ನು ಆ ಗುಡ್ಡದಲ್ಲಿ ಯಾರೂ ಹಸಿ ಎಂದು ಕರೆದವರಲ್ಲ. ಮರಿನೇಸ್ ಮೂರು ಸಲ ರುಚಿ ನೋಡಿ, ಇನ್ನೊಂದು ಹಿಡಿ ಉಪ್ಪು ಹಾಕಿಸಿದಳು. ನರ್ಸಿನ ಇನ್ನೊಂದು ಮಾತನ್ನು ಮಾತ್ರ ಜೆಲಿಂಡ ಚಾಚೂ ತಪ್ಪದೆ ಪಾಲಿಸಿದ್ದಳು. ಬೆಕ್ಕಿನ ಹೇಲು ಮುಟ್ಟಬಾರದು ಎಂದಿದ್ದಕ್ಕೆ ಬೆಕ್ಕನ್ನೇ ಚೀಲಕ್ಕೆ ತುಂಬಿ ತಂಗಿಯ ಮನೆಗೆ ಸಾಗಹಾಕಿದ್ದಳು.

ಸೆಪ್ಟೆಂಬರಿನ ರಕ್ತಪರೀಕ್ಷೆಯಲ್ಲಿ ಸೋಂಕು ಪತ್ತೆಯಾಯಿತು. ಟಾಕ್ಸೊಪ್ಲಾಸ್ಮಾ ಎಂದು ಚೀಟಿಯಲ್ಲಿತ್ತು. ಊರವರಿಗೆ ಅಷ್ಟುದ್ದ ಹೆಸರು ಬೇಕಿಲ್ಲ, ಅವರದನ್ನು ಬೆಕ್ಕಿನ ರೋಗ ಅನ್ನುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಲ್ಲ ಊರಿನಲ್ಲೂ ಇದ್ದದ್ದೇ. ಮರಿನೇಸ್ ದಿನಕ್ಕೆ ಮೂರು ಹೊತ್ತು ಮಾತ್ರೆ ನುಂಗತೊಡಗಿದಳು.

ಅವಳು ಸ್ಕ್ಯಾನಿಂಗಿಗೆ ಹೋಗಿದ್ದ ದಿನ ನರ್ಸ್ ಮನೆಗೆ ಬಂದಳು. ಅಂಗಳ ನೋಡಿದಳು, ಬಾವಿ ನೋಡಿದಳು, ನೆಲಮಾಳಿಗೆಗೆ ಇಳಿದು ನೇತಾಡುವ ಸಲಾಮೆಗಳನ್ನು ನೋಡಿದಳು.

"ಅಜ್ಜಿ, ಇದನ್ನ ಕಲಸೋವಾಗ ಸೊಸೆ ರುಚಿ ನೋಡಿದ್ದುಂಟಾ? ಹಸಿ ಹಂದಿಮಾಂಸದಿಂದಲೂ ಇದು ಬರತ್ತೆ. ಉಪ್ಪು ಹಾಕಿದ ತಕ್ಷಣ ಹುಳ ಸಾಯಲ್ಲ. ನಿಮಗೆಲ್ಲ ಚಿಕ್ಕಂದಿನಲ್ಲೇ ಬಂದು ಹೋಗಿರತ್ತೆ. ಅವಳ ಮೈಗೆ ಇದು ಹೊಸದು."

ಜೆಲಿಂಡಳಿಗೆ ಆ ಮೂರು ಚಿಟಿಕೆ ನೆನಪಾಯಿತು. "ಇಲ್ಲಪ್ಪ. ಉಪ್ಪು ನೋಡೋದು ಈ ಮನೇಲಿ ನಾನೊಬ್ಬಳೇ" ಅಂದಳು.

ಆ ಸುಳ್ಳು ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೇಳಿದರೆ ರೋಗ ವಾಸಿಯಾಗುತ್ತದೆಯೇ, ಮಾತ್ರೆ ಅದೇ ಅಲ್ಲವೇ ಎಂದು ತನಗೆ ತಾನೇ ನ್ಯಾಯ ಹೇಳಿಕೊಂಡಳು. ಡಿಸೆಂಬರಿನಲ್ಲಿ ಹೆಣ್ಣು ಮಗು ಹುಟ್ಟಿತು. ಲೀಜಿಯಾ ಎಂದು ಹೆಸರಿಟ್ಟರು. ಕಣ್ಣಿನ ವೈದ್ಯರು ಸಣ್ಣ ದೀಪ ಹಿಡಿದು ನೋಡಿ, ಎಡಗಣ್ಣಿನ ಒಳಪರದೆಯ ನಡುವೆ ಗಾಯದ ಕಲೆಯಿದೆ, ಆ ಕಣ್ಣಿಗೆ ಅಂಚಷ್ಟೇ ಕಂಡೀತು ಎಂದರು. ಒಂದು ವರ್ಷ ಔಷಧಿ ಬರೆದುಕೊಟ್ಟರು.

"ಆ ಬೆಕ್ಕನ್ನ ಮಡಿಲಲ್ಲಿ ಮಲಗಿಸಿಕೊಂಡಿದ್ದೆ ಅತ್ತೆ" ಎಂದು ಮರಿನೇಸ್ ಅಳುವಳು. "ನನ್ನ ಮಗು ಕಣ್ಣು ನಾನೇ ತಿಂದೆ."

ಜೆಲಿಂಡ ಬೆನ್ನು ತಿರುಗಿಸಿ ಜೋಳದ ಹಿಟ್ಟಿನ ಪೊಲೆಂಟ ತಿರುವುತ್ತಿದ್ದಳು. ಅದಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಅವಳಿಗೆ ಮರೆತುಹೋಗುತ್ತಿತ್ತು.

ಮತ್ತೆ ಜುಲೈ ಬಂತು, ಮತ್ತೆ ಹಂದಿ. ಪಕ್ಕದ ಮನೆಯ ದಾರ್ಸಿ ತನ್ನ ಮಗಳು ಜೊಸೆಲಿಯನ್ನು ಕರೆತಂದಿದ್ದಳು. ಐದು ತಿಂಗಳ ಹೊಟ್ಟೆ.

"ಹೋದ ವರ್ಷ ನಿನ್ನ ಸೊಸೆ ನೋಡಿದ ಉಪ್ಪು ಅಂದ್ರೆ ಉಪ್ಪು, ಒಂದು ಸಲಾಮೆನೂ ಕೆಡಲಿಲ್ಲ" ಎಂದಳು ದಾರ್ಸಿ. "ಈ ಸಲ ನನ್ನ ಮಗಳಿಗೆ ಬಿಡು. ನಮ್ಮನೇಲಿ ಬೆಕ್ಕೂ ಇಲ್ಲ, ಭಯನೂ ಇಲ್ಲ."

ಮಗುವನ್ನು ಸೊಂಟದಲ್ಲಿಟ್ಟುಕೊಂಡಿದ್ದ ಮರಿನೇಸಳೇ ನಗುತ್ತ ಒಂದು ಚಿಟಿಕೆ ಮಾಂಸ ತೆಗೆದು ಜೊಸೆಲಿಯ ತುಟಿಯ ಹತ್ತಿರ ಹಿಡಿದಳು.

ಜೆಲಿಂಡ ಆ ಕೈಗೆ ಫಟ್ಟನೆ ಹೊಡೆದಳು. ಮಾಂಸ ನೆಲಕ್ಕೆ ಬಿತ್ತು.

"ಬೆಕ್ಕಲ್ಲ ಕಣೇ" ಎಂದಳು. "ಇದು. ಈ ಬೋಗುಣಿ. ನಾನೇ ನಿನ್ನ ಬಾಯಿಗೆ ಇಟ್ಟಿದ್ದು."

ಮರಿನೇಸ್ ನೆಲದ ಮೇಲಿನ ಮಾಂಸ ನೋಡಿದಳು.

"ನಿಮಗೆ ಯಾವಾಗ ಗೊತ್ತಾಯ್ತು?"

"ಸೆಪ್ಟೆಂಬರಲ್ಲಿ. ನರ್ಸು ಬಂದು ಕೇಳಿದ್ಲು. ಇಲ್ಲ ಅಂದೆ."

"ಹತ್ತು ತಿಂಗಳು." ಅವಳ ದನಿ ಏರಲಿಲ್ಲ. "ಹತ್ತು ತಿಂಗಳು ನನ್ನನ್ನ ನಾನೇ ಶಪಿಸಿಕೊಂಡೆ. ನೀವು ಪಕ್ಕದಲ್ಲೇ ನಿಂತು ಕೇಳ್ತಿದ್ರಿ. ಗೊತ್ತಿಲ್ದೆ ತಿನ್ನಿಸಿದ್ದನ್ನ ನಾನು ಅವತ್ತೇ ಕ್ಷಮಿಸ್ತಿದ್ದೆ ಅತ್ತೆ."

ಜೆಲಿಂಡ ಒಲೆಯ ಕಾದ ಕಬ್ಬಿಣದ ಮೇಲೆ ಒಂದು ತುಣುಕು ಮಾಂಸವನ್ನು ಕರ್ರಗಾಗುವಷ್ಟು ಬೇಯಿಸಿ, ತಟ್ಟೆಯಲ್ಲಿಟ್ಟು ಜೊಸೆಲಿಯ ಮುಂದೆ ಹಿಡಿದಳು.

"ಉಪ್ಪು ಕಮ್ಮಿ ಇದೆ" ಎಂದಳು ಜೊಸೆಲಿ, ಮೆಲ್ಲಗೆ. ದಾರ್ಸಿ ಉಪ್ಪಿನ ಡಬ್ಬಿ ತೆಗೆದಳು. ಜೆಲಿಂಡಳನ್ನು ಯಾರೂ ಕೇಳಲಿಲ್ಲ.

ಮರಿನೇಸ್ ಆಗಲೇ ಬಾಗಿಲು ದಾಟಿ ಹೊರಟಿದ್ದಳು. ಅವಳ ಹೆಗಲ ಮೇಲಿಂದ ಲೀಜಿಯಾ ಅಜ್ಜಿಯನ್ನು ಹುಡುಕಿದಳು. ಎದುರಿಗೇ ನಿಂತಿದ್ದ ಅಜ್ಜಿಯನ್ನು ನೋಡಲು ಮಗು ಎಂದಿನಂತೆ ಕತ್ತು ಎಡಕ್ಕೆ ತಿರುಗಿಸಿ, ಬಲಗಣ್ಣನ್ನು ಮುಂದೆ ತಂದಿತು.